ಒಂದು ಗಂಟೆ ಕಡಿಮೆ ಬೆಂದ ಬೀನ್ಸ್

ಗಿರಣಿಯ ಫಿಟ್ಟರ್ ಬೆಳಗ್ಗೆ ಬೆಳಗ್ಗೆಯೇ ಜಗಳಕ್ಕೆ ಬಂದಿದ್ದ. ಗಡಿಯಾರ ರಿಪೇರಿಯವರ ಮನೆಯಲ್ಲಿ ಮುಂದಿನ ಕೋಣೆಯೇ ಅಂಗಡಿ. ಅದರ ಹಿಂದೆ ಒಂದು ಪರದೆ, ಪರದೆಯ ಹಿಂದೆ ಅಡುಗೆಮನೆ. ಅಂಗಡಿಯಲ್ಲಿ ಆಡಿದ ಮಾತು ಒಳಗೆ ಕೇಳಬಾರದು ಎಂದರೆ ಬೀದಿಗೆ ಹೋಗಿ ಆಡಬೇಕಿತ್ತು.

"ಇದನ್ನ ರಿಪೇರಿ ಅಂತೀರಾ ಯಜಮಾನ್ರೇ?" ಫಿಟ್ಟರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. "ಸರಿಯಾಗಿ ಒಂದು ಗಂಟೆ ಮುಂದೆ ಓಡ್ತಿದೆ. ನಿನ್ನೆ ಎಲ್ರಿಗಿಂತ ಮೊದ್ಲು ಹೋಗಿ ಗೇಟ್ ಮುಂದೆ ಕಾವಲುಗಾರನ ಥರ ನಿಂತಿದ್ದೆ."

"ಸಾಧ್ಯವೇ ಇಲ್ಲ. ಎರಡು ಗಂಟೆ ಸೈರನ್ ಕೂಗಿದಾಗ ನಾನೇ ಮುಳ್ಳು ಕೂರಿಸಿದೀನಿ."

"ಎರಡು ಗಂಟೆ ಸೈರನ್ ಈಗ ಎಲ್ಲಿದೆ? ಹೊಸ ಮ್ಯಾನೇಜರ್ ಬಂದ್ಮೇಲೆ ಪಾಳಿ ಒಂದಕ್ಕೇ ಬಿಡತ್ತೆ. ಹನ್ನೊಂದಕ್ಕೆ ಕೂಗತ್ತೆ, ಆಮೇಲೆ ಒಂದಕ್ಕೆ ಕೂಗತ್ತೆ, ಅಷ್ಟೇ. ಮೂರು ವಾರ ಆಯ್ತಲ್ಲ, ನಿಮಗೆ ಗೊತ್ತಿಲ್ವಾ?"

ಪರದೆಯ ಹಿಂದೆ ಹಿಟ್ಟು ನಾದುತ್ತಿದ್ದ ಯಜಮಾನರ ಹೆಂಡತಿ ಭರಣಿಯಮ್ಮನ ಕೈ ಅಲ್ಲೇ ನಿಂತಿತು.

ಭರಣಿಯಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟ ಹೆಸರು. ಅಂಗಡಿಯಲ್ಲಿ ಸಿಗುವ ಯಾವುದನ್ನೂ ಅಂಗಡಿಯಿಂದ ತರದ ಹೆಂಗಸು ಅವಳು. ಬೆಣ್ಣೆ ಮನೆಯಲ್ಲೇ ಕಡೆಯಬೇಕು, ಬ್ರೆಡ್ಡಿನ ಹಿಟ್ಟು ಮನೆಯಲ್ಲೇ ಹುಳಿ ಬರಬೇಕು, ವಿನೆಗರ್ ಕೂಡ ಮೂಲೆಯ ಮಡಕೆಯಲ್ಲೇ ಆಗಬೇಕು. ಇವೆಲ್ಲಕ್ಕಿಂತ ದೊಡ್ಡ ಹೆಸರು ತಂದದ್ದು ಅವಳ ಬೀನ್ಸ್. ಸುಗ್ಗಿಯಲ್ಲಿ ಎಳೆಯ ಬೀನ್ಸ್ ತಂದು, ತುದಿ ಮುರಿದು ನಾರು ತೆಗೆದು, ಮೂರು ನೀರಿನಲ್ಲಿ ತೊಳೆದು, ಗಾಜಿನ ಭರಣಿಗಳಲ್ಲಿ ಸಿಪಾಯಿಗಳಂತೆ ನೇರ ನಿಲ್ಲಿಸಿ, ಬಿಸಿ ಉಪ್ಪುನೀರು ಹೊಯ್ದು, ತಗಡಿನ ಮುಚ್ಚಳ ಬಿಗಿದು, ದೊಡ್ಡ ಹಂಡೆಯಲ್ಲಿ ಮುಳುಗಿಸಿ ಕುದಿಸುವುದು. ಭರಣಿಗಳು ಒಂದಕ್ಕೊಂದು ತಾಗಿ ಒಡೆಯದ ಹಾಗೆ ತಳಕ್ಕೆ ಹಳೆಯ ಟವೆಲ್. ನೀರು ಇಂಗಿದರೆ ಕುದಿಯುವ ನೀರನ್ನೇ ಸೇರಿಸಬೇಕು, ತಣ್ಣೀರು ಸೋಕಿಸಬಾರದು. ಸರಿಯಾಗಿ ಮಾಡಿದರೆ ವರ್ಷ ಕಳೆದರೂ ಬೀನ್ಸ್ ಗಿಡದಿಂದ ಈಗ ತಾನೆ ಕಿತ್ತ ಹಾಗೆ ಇರುತ್ತದೆ.

ಎಷ್ಟು ಹೊತ್ತು ಕುದಿಸಬೇಕು ಎಂಬುದನ್ನು ಅವಳ ಅಮ್ಮ ಒಂದೇ ಮಾತಿನಲ್ಲಿ ಹೇಳಿಕೊಟ್ಟಿದ್ದಳು: ಹನ್ನೊಂದರ ಕೂಗಿಗೆ ಇಳಿಸು, ಎರಡರ ಕೂಗಿಗೆ ಎತ್ತು.

ಮನೆ ತುಂಬ ಗಡಿಯಾರ ಇಟ್ಟುಕೊಂಡು ಗಿರಣಿಯ ಸೈರನ್ನಿಗೆ ಕಿವಿ ಕೊಡುವುದೇಕೆ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳುವವರು ಗಡಿಯಾರ ರಿಪೇರಿಯವರ ಮನೆ ನೋಡಿಲ್ಲ. ಗೋಡೆಯ ಮೇಲೆ ಇಪ್ಪತ್ತಮೂರು ಗಡಿಯಾರಗಳಿದ್ದವು, ಇಪ್ಪತ್ತಮೂರೂ ರಿಪೇರಿಗೆ ಬಂದವು, ಒಂದೊಂದರದು ಒಂದೊಂದು ಕಾಲ. ದೀಪದ ಕೆಳಗೆ ಕತ್ತಲು ಎನ್ನುವುದು ಇದಕ್ಕೇ. ಸರಿಯಾಗಿ ಓಡುತ್ತಿದ್ದ ಗಡಿಯಾರ ಎಂದರೆ ಮೇಜಿನ ಮೇಲಿದ್ದ ಅವಳ ಗಂಡನ ಸ್ವಂತದ್ದು ಒಂದೇ. ಅದೂ ಎರಡು ವಾರದ ಹಿಂದೆ ಸೈರನ್ನಿಗೆ ಒಂದು ಗಂಟೆ ಹಿಂದೆ ಬಿದ್ದಂತೆ ಕಂಡದ್ದರಿಂದ, ಪಾಪ, ಅವರು ಅದರ ಹೊಟ್ಟೆ ಬಗೆದು ಇಲ್ಲದ ರೋಗ ಹುಡುಕುತ್ತ ಕೂತಿದ್ದರು. ನಲವತ್ತು ವರ್ಷ ಒಂದು ದಿನವೂ ತಪ್ಪದ ಸೈರನ್ ತಪ್ಪೀತೇ?

ಎರಡು ವಾರದ ಹಿಂದೆಯೇ ಭರಣಿಯಮ್ಮ ಬೀನ್ಸ್ ಹಾಕಿದ್ದು. ಎರಡು ದಿನ, ದಿನಕ್ಕೆ ಎಂಟು ಭರಣಿ. ಮೋಡ ಕವಿದಿತ್ತು, ಬಿಸಿಲು ನೋಡಿ ಹೊತ್ತು ತಿಳಿಯುವಂತಿರಲಿಲ್ಲ. ಸೈರನ್ ಕೂಗಿದಾಗ ಅವಳಿಗೆ ಆಶ್ಚರ್ಯವಾಗಿತ್ತು, ಇಷ್ಟು ಬೇಗ ಎರಡಾಯಿತೇ ಎಂದು. ಬೆವರೂ ಹೆಚ್ಚು ಬಂದಿರಲಿಲ್ಲ, ಹಸಿವೂ ಆಗಿರಲಿಲ್ಲ. "ನೋಡ್ರೀ, ಈ ವಯಸ್ಸಲ್ಲೂ ನನ್ನ ಕೈ ಚುರುಕಾಗ್ತಾನೇ ಇದೆ," ಎಂದು ಗಂಡನ ಮುಂದೆ ಜಂಬ ಕೊಚ್ಚಿಕೊಂಡಿದ್ದಳು.

ಹಿಟ್ಟಿನ ಕೈಯಲ್ಲೇ ಕಪಾಟು ತೆಗೆದಳು. ಮನೆಗೆಂದು ಇಟ್ಟುಕೊಂಡಿದ್ದು ನಾಲ್ಕು ಭರಣಿ. ಬೆಳಕಿಗೆ ಹಿಡಿದು ನೋಡಿದರೆ ಎರಡರ ಮುಚ್ಚಳ ನಡುವೆ ಉಬ್ಬಿತ್ತು. ಬೆರಳಿನಿಂದ ಒತ್ತಿದಳು. ಟಿಕ್ಕೆಂದು ಒಳಗೆ ಹೋಗಿ, ಟಿಕ್ಕೆಂದು ಮತ್ತೆ ಮೇಲೆ ಬಂತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ಮುಚ್ಚಳ ಒತ್ತಿ ನೋಡಿದವಳಲ್ಲ. ಸೈರನ್ ಇರುವಾಗ ನೋಡುವ ಅಗತ್ಯವೇನಿತ್ತು?

ಮಿಕ್ಕ ಹನ್ನೆರಡರಲ್ಲಿ ಹತ್ತು ಇದೇ ಬೀದಿಯ ಮನೆಮನೆಗೆ ಹೋಗಿದ್ದವು. ಎರಡು ತಂಗಿಗೆ ಹೋಗಿದ್ದವು.

"ರೀ, ಒಂದು ಗಂಟೆ ಕಮ್ಮಿ ಬೆಂದಿದೆ," ಎಂದಳು ಪರದೆ ಸರಿಸಿ.

ಗಂಡನಿಗೆ ಫಿಟ್ಟರನದೇ ಚಿಂತೆ. "ಒಂದು ಗಂಟೆ ಮುಂದಿದೆ ಅಂತ ಇವನು ಹೇಳ್ತಿರೋದು, ಕಮ್ಮಿ ಅಲ್ಲ."

"ನಿಮ್ಮ ಗಡಿಯಾರಕ್ಕಿಷ್ಟು ಬೆಂಕಿ ಹಾಕ. ನಾನು ಬೀನ್ಸ್ ಬಗ್ಗೆ ಹೇಳ್ತಿದೀನಿ," ಎಂದವಳೇ ಕೈ ತೊಳೆಯದೆ ಚಪ್ಪಲಿ ಮೆಟ್ಟಿ ಹೊರಟಳು.

ಮೊದಲು ಹೋದದ್ದು ತಿರುವಿನ ಔಷಧಿ ಅಂಗಡಿಗೆ. ಅಂಗಡಿಯವನು ಓದಿದವನು, ಕೇಳಿದ್ದಕ್ಕೆ ಸಮಾಧಾನವಾಗಿ ಉತ್ತರ ಕೊಡುವವನು. ಆ ಸಮಾಧಾನವೇ ಇವತ್ತು ಅವಳನ್ನು ಕೊಂದಿತು.

"ಬೀನ್ಸ್ ಸರಿಯಾಗಿ ಕಾಯದೆ ಭರಣಿ ಮುಚ್ಚಿದ್ರೆ ಒಳಗೆ ಒಂದು ಥರ ವಿಷ ಆಗ್ಬಹುದಮ್ಮ. ಎಲ್ಲದ್ರಲ್ಲೂ ಆಗತ್ತೆ ಅಂತಲ್ಲ. ಆಗಿದ್ರೂ ವಾಸನೆ ಬರ್ಲೇಬೇಕು ಅಂತಿಲ್ಲ, ರುಚಿ ಕೆಡ್ಲೇಬೇಕು ಅಂತಿಲ್ಲ."

"ತಿಂದ್ರೆ?"

"ಒಂದೆರಡು ದಿನದಲ್ಲಿ ಕಣ್ಣಿಗೆ ಒಂದು ಎರಡಾಗಿ ಕಾಣತ್ತೆ. ನಾಲಿಗೆ ತೊದಲತ್ತೆ. ಹಾಗೇನಾದ್ರೂ ಆದ್ರೆ ತಕ್ಷಣ ಆಸ್ಪತ್ರೆಗೆ ಹೋಗ್ಬೇಕು, ಕಾಯೋ ಹಾಗಿಲ್ಲ. ಯಾಕಮ್ಮ, ಯಾರು ಹಾಗೆ ಮಾಡಿದ್ದು?"

"ಯಾರೋ," ಎಂದಳು ಭರಣಿಯಮ್ಮ.

ಅಲ್ಲಿಂದ ಶುರುವಾಯಿತು ಸುಳ್ಳು. ಅವಳು ಕೆಟ್ಟವಳಲ್ಲ. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷ ಕಟ್ಟಿದ ಹೆಸರನ್ನು ತಾನೇ ದೊಣ್ಣೆ ಹಿಡಿದು ಒಡೆಯಲು ಯಾರಿಗೆ ಮನಸ್ಸು ಬರುತ್ತದೆ? ಭರಣಿಗಳು ವಾಪಸು ಬರಬೇಕು, ಕಾರಣ ಮಾತ್ರ ಯಾರಿಗೂ ತಿಳಿಯಬಾರದು. ಹಾಗೆಂದು ತೀರ್ಮಾನಿಸಿ ದೊಡ್ಡ ಚೀಲ ಹಿಡಿದು ಬಾಗಿಲು ಬಾಗಿಲು ತಟ್ಟಿದಳು.

ಕ್ಷೌರಿಕನ ಹೆಂಡತಿಗೆ ಉಪ್ಪು ಜಾಸ್ತಿಯಾಗಿದೆ ಎಂದಳು. ಅಂಚೆಯವನ ತಾಯಿಗೆ, ಉಪ್ಪು ಹಾಕುವುದೇ ಮರೆತುಹೋಗಿದೆ ಎಂದಳು. ಬಡಗಿಯ ಮನೆಯಲ್ಲಿ ಭರಣಿಗಳೇ ಬೇರೆಯವರದ್ದು, ಕೇಳುತ್ತಿದ್ದಾರೆ ಎಂದಳು. ಎಲ್ಲರ ಮುಂದೆಯೂ ಎರಡು ಬೆರಳು ತೋರಿಸಿ "ಇದೆಷ್ಟು ಕಾಣತ್ತೆ?" ಎಂದು ಕೇಳಿದ್ದಂತೂ ಬೀದಿಗೇ ಬಿಡಿಸಲಾಗದ ಒಗಟಾಯಿತು. ಬಡಗಿ, "ಎರಡೇ ಕಾಣತ್ತೆ, ಯಾಕಮ್ಮ, ಮೂರು ಕಾಣ್ಬೇಕಿತ್ತಾ?" ಎಂದು ಗಾಬರಿಯಿಂದ ತನ್ನದೇ ಬೆರಳು ಎಣಿಸಿಕೊಂಡ.

ನಿವೃತ್ತ ಮೇಷ್ಟ್ರು ಮಾತ್ರ ಒಂದು ಭರಣಿ ಖಾಲಿ ಮಾಡಿಬಿಟ್ಟಿದ್ದರು. "ತಿಂದು ಒಂದು ವಾರ ಆಯ್ತಲ್ಲಮ್ಮ. ಬೇರೆ ತರಕಾರಿ ಜೊತೆ ಚೆನ್ನಾಗಿ ಬೇಯಿಸ್ಕೊಂಡು ತಿಂದೆ. ಭೇಷಾಗಿತ್ತು. ಕೂತ್ಕೊಳ್ಳಿ, ಯಾಕೆ ಹೀಗೆ ನಿಂತಲ್ಲಿ ನಿಲ್ತಿಲ್ಲ?" ಎಂದರು.

ಅವಳು ಅವರ ಮುಖವನ್ನೇ ದಿಟ್ಟಿಸಿದಳು. "ಮೇಷ್ಟ್ರೇ, ಸ್ವಲ್ಪ ಮಾತಾಡಿ."

ಜೀವನದಲ್ಲಿ ಆ ಮಾತನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಮಾತು ನಿಲ್ಲಿಸಿ ಎಂದವರು ಬೇಕಾದಷ್ಟು ಜನ. ಅವರು ಸಂತೋಷದಿಂದ ಶುರು ಮಾಡಿದರು. ನಾಲಿಗೆ ತೊದಲುತ್ತಿಲ್ಲ ಎಂದು ಖಾತ್ರಿಯಾದ ಕೂಡಲೇ, ಅವರು ಮೊದಲ ವಾಕ್ಯ ಮುಗಿಸುವ ಮುಂಚೆಯೇ ಅವಳು ಮುಂದಿನ ಮನೆಯ ಬಾಗಿಲಲ್ಲಿದ್ದಳು.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಆ ಬೀದಿಯಲ್ಲಿ ಅದಕ್ಕೆ ನಲ್ಲಿಯಿತ್ತು. ಒಂಬತ್ತೂವರೆಗೆ ನೀರು ಬಂದಾಗ ಕ್ಷೌರಿಕನ ಹೆಂಡತಿಯೂ ಅಂಚೆಯವನ ತಾಯಿಯೂ ಬಿಂದಿಗೆ ಇಟ್ಟುಕೊಂಡು ಸಾಲಿನಲ್ಲಿ ನಿಂತರು. ಭರಣಿಯಮ್ಮ ಒಂಬತ್ತು ತುಂಬಿದ ಭರಣಿಗಳ ಭಾರ ಹೊತ್ತು ಆ ದಾರಿಯಲ್ಲೇ ಬರಬೇಕಾಯಿತು.

"ಅಲ್ಲ, ನಂಗೆ ಉಪ್ಪು ಜಾಸ್ತಿ ಅಂದ್ರಿ, ಇವ್ರಿಗೆ ಉಪ್ಪೇ ಇಲ್ಲ ಅಂದ್ರಂತೆ?" ಎಂದಳು ಕ್ಷೌರಿಕನ ಹೆಂಡತಿ.

"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ನಾವೇನು ಕೊಡು ಅಂತ ಕೈ ಚಾಚಿದ್ವಾ?" ಎಂದರು ಅಂಚೆಯವನ ತಾಯಿ, ಅವಳಿಗಲ್ಲ, ಬಿಂದಿಗೆಗೆ ಹೇಳುವ ಹಾಗೆ.

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಭರಣಿಯಮ್ಮ ಏನೋ ಗೊಣಗಿ ಮುಂದೆ ಸಾಗಿದಳು. ಬೆನ್ನ ಹಿಂದೆ ಇಬ್ಬರೂ ನಕ್ಕದ್ದು ಕೇಳಿಸಿತು. ನಗಲಿ. ಅವರ ನಾಲಿಗೆ ಚೆನ್ನಾಗಿಯೇ ಓಡುತ್ತಿತ್ತು. ಸದ್ಯಕ್ಕೆ ಅಷ್ಟು ಸಾಕು.

ಮನೆಗೆ ಬಂದು ಚೀಲ ಇಳಿಸಿದಾಗ ಫಿಟ್ಟರ್ ಹೋಗಿದ್ದ. ಗಂಡ ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದ ತಮ್ಮ ಗಡಿಯಾರವನ್ನು ಸುಮ್ಮನೆ ನೋಡುತ್ತ ಕೂತಿದ್ದರು.

"ಏನೂ ಆಗಿರ್ಲಿಲ್ಲ ಕಣೇ ಇದಕ್ಕೆ. ಸರಿಯಾಗೇ ಇತ್ತು. ನಾನೇ ಕೆಡಿಸ್ದೆ," ಎಂದರು.

"ನಾನು ತಂಗಿ ಊರಿಗೆ ಹೋಗ್ಬರ್ತೀನಿ."

"ಫೋನ್ ಮಾಡು, ಸಾಕಲ್ಲ."

"ನಂಬರ್ ಇಲ್ಲ."

"ತಂಗಿ ನಂಬರ್ ಇಲ್ವಾ?"

"ಕೇಳ್ಲಿಲ್ಲ," ಎಂದಳು. ಒಂಬತ್ತು ವರ್ಷ ಮಾತಿಲ್ಲದ ತಂಗಿಯ ಹತ್ತಿರ ಮದುವೆಮನೆಯಲ್ಲಿ ಸಿಕ್ಕ ಒಂದೇ ದಿನ ಎಷ್ಟೆಂದು ಕೇಳುವುದು?

ಬಸ್ಸು ತುಂಬಿರಲಿಲ್ಲ, ಆದರೂ ಅವಳಿಗೆ ಕೂರಲಾಗಲಿಲ್ಲ. ಕೂತರೆ ಸೀಟಿನಲ್ಲಿ ಇರುವೆ ಇದ್ದಂತೆ. ಪ್ರತಿ ನಿಲ್ದಾಣದಲ್ಲೂ ಬಗ್ಗಿ ಹೊರಗೆ ನೋಡಿದಳು. ಕಂಡಕ್ಟರ್ ಪರಿಚಯದವನು. ಹತ್ತು ದಿನದ ಹಿಂದೆ ಎರಡು ಭರಣಿಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಅವನ ಕೈಯಲ್ಲೇ ಕಳಿಸಿದ್ದಳು.

"ನೀವು ಎದ್ದು ನಿಂತ್ರೆ ಬಸ್ಸು ಬೇಗ ಹೋಗಲ್ಲ ಅಮ್ಮ, ಕೂತ್ಕೊಳ್ಳಿ," ಎಂದ. ಆಮೇಲೆ, "ನಿಮ್ಮ ತಂಗಿ ಅವತ್ತು ಎರಡೂ ಕೈಯಲ್ಲಿ ಇಸ್ಕೊಂಡ್ರು. ಅಕ್ಕ ಕಳಿಸಿದ್ದಾ, ನಮ್ಮಕ್ಕನೇ ಕಳಿಸಿದ್ದಾ ಅಂತ ಎರಡು ಸಲ ಕೇಳಿದ್ರು. ಬಸ್ಸು ಹೋಗೋ ತನಕ ಅಲ್ಲೇ ನಿಂತಿದ್ರು," ಎಂದ.

ಭರಣಿಯಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಒಂಬತ್ತು ವರ್ಷದ ಹಿಂದೆ ಅವಳ ಮಗನ ಮದುವೆಗೆ ತಂಗಿ ಬಂದಾಗ ಒಂದು ಭರಣಿ ಹಣ್ಣಿನ ಪಾಕ ತಂದಿದ್ದಳು. ತಾನೇ ಕಾಯಿಸಿದ್ದು. ಮನೆ ತುಂಬ ನೆಂಟರು. ಭರಣಿಯಮ್ಮ ಮುಚ್ಚಳ ತೆಗೆದು ನೋಡಿದರೆ ಮೇಲೆ ಬಿಳಿಯ ಪೊರೆ ಕಟ್ಟಿತ್ತು. ಅಷ್ಟೂ ಜನರ ಮುಂದೆ ಅದನ್ನು ಮೋರಿಗೆ ಸುರಿದು, "ತಿಂದು ಯಾರಿಗಾದ್ರೂ ಏನಾದ್ರೂ ಆದ್ರೆ ಯಾರು ಹೊಣೆ? ಅಮ್ಮ ಸುಮ್ನೆ ಹೇಳ್ತಿರ್ಲಿಲ್ಲ, ನಿನ್ನ ಕೈಗೆ ತಾಳ್ಮೆ ಇಲ್ಲ ಅಂತ," ಎಂದಿದ್ದಳು. ನೆಂಟರು ನಕ್ಕಿದ್ದರು. ತಂಗಿ ಊಟಕ್ಕೂ ನಿಲ್ಲದೆ ಹೋದಳು. ಪಾಕ ಕೆಟ್ಟಿದ್ದು ನಿಜ, ತಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಭರಣಿಯಮ್ಮ ಒಂಬತ್ತು ವರ್ಷ ತನ್ನನ್ನು ತಾನೇ ಸಮರ್ಥಿಸಿಕೊಂಡಿದ್ದಳು. ಸರಿಯಾದದ್ದನ್ನೇ ಹೇಳಿ ಒಬ್ಬರನ್ನು ಕಳೆದುಕೊಂಡವರಿಗೆ ಕ್ಷಮೆ ಕೇಳುವುದು ಇನ್ನೂ ಕಷ್ಟ.

ಈ ವರ್ಷ ದೊಡ್ಡಪ್ಪನ ಮೊಮ್ಮಗಳ ಮದುವೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಬೇಕಾಯಿತು. ಬಹಳ ಹೊತ್ತಿನ ಮೇಲೆ ತಂಗಿಯೇ ನೆಲ ನೋಡುತ್ತ, "ಈ ಸಲ ಬೀನ್ಸ್ ಹಾಕ್ತೀಯಾ ಅಕ್ಕ?" ಎಂದಿದ್ದಳು. ಅಷ್ಟೇ ಮಾತು. ಆ ಒಂದು ಮಾತಿಗೆ ಉತ್ತರವಾಗಿ ಭರಣಿಯಮ್ಮ ಕಳಿಸಿದ್ದು ಈ ಎರಡು ಭರಣಿ. ಈಗ ಅದನ್ನು ವಾಪಸು ಕೇಳಲು ಹೊರಟಿದ್ದಳು. ಕೊಟ್ಟು ಕಸಿದುಕೊಂಡಳು ಎಂದುಕೊಂಡರೆ ಒಂಬತ್ತಲ್ಲ, ಇನ್ನು ಇರುವಷ್ಟು ವರ್ಷವೂ ಮಾತಿಲ್ಲ. ನಿಜ ಹೇಳಿದರೋ, ಅಂದು ಮೋರಿಗೆ ಸುರಿದ ಕೈ ಇಂದು ವಿಷ ಕಳಿಸಿದೆ ಎಂದು ಒಪ್ಪಿಕೊಂಡಂತೆ. ಉಪ್ಪು ಜಾಸ್ತಿ ಎಂದೇ ಹೇಳುವುದು ಎಂದು ತೀರ್ಮಾನಿಸಿದಳು. ಮುಂದಿನ ನಿಲ್ದಾಣಕ್ಕೆ ಬೇಡ ಅನ್ನಿಸಿತು. ಅದರ ಮುಂದಿನದಕ್ಕೆ ಮತ್ತೆ ಉಪ್ಪೇ ಸರಿ ಅನ್ನಿಸಿತು. ಈ ನಡುವೆ ತಂಗಿ ತಿಂದುಬಿಟ್ಟಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಎದ್ದು ನಿಂತಳು.

ತಂಗಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯಲ್ಲಿ ಮಷೀನು, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ರವಿಕೆ, ನೆಲದ ತುಂಬ ಬಟ್ಟೆಯ ಚೂರು. ಬಾಗಿಲಲ್ಲಿ ಅಕ್ಕನನ್ನು ಕಂಡು ಅವಳ ಕಾಲು ಪೆಡಲಿನ ಮೇಲೇ ನಿಂತುಬಿಟ್ಟಿತು.

"ಅಕ್ಕ? ಬಾ, ಒಳಗೆ ಬಾ. ಒಬ್ಳೇ ಬಂದ್ಯಾ? ಭಾವ ಚೆನ್ನಾಗಿದಾರಾ? ಕೂತ್ಕೋ, ನೀರು ತರ್ತೀನಿ."

"ನೀರು ಬೇಡ ಪುಟ್ಟಿ. ಆ ಬೀನ್ಸ್..." ಎಂದಳು ಭರಣಿಯಮ್ಮ.

ಉಪ್ಪಿನ ಮಾತು ಬರುವ ಮೊದಲೇ ತಂಗಿ ಥಟ್ಟನೆ ನಕ್ಕಳು. ಕೈ ಮಾತ್ರ ಬಟ್ಟೆಯ ಚೂರುಗಳನ್ನು ಸುಮ್ಮನೆ ಒಟ್ಟು ಮಾಡತೊಡಗಿತು. "ಬೀನ್ಸಾ? ತುಂಬಾ ಚೆನ್ನಾಗಿತ್ತಕ್ಕ. ಮೊನ್ನೆ ತಾನೇ ತೆಗೆದೆ, ಎರಡೂ ಖಾಲಿ ಆಗೋಯ್ತು. ಮಗಳಂತೂ ಎರಡೆರಡು ಸಲ ಹಾಕಿಸ್ಕೊಂಡ್ಲು."

"ಯಾವ ಮಗಳು? ಬಸುರಿ ಮಗಳಾ?"

"ಇನ್ಯಾರು, ನಂಗಿರೋದು ಅವಳೊಬ್ಳೇ. ಏಳು ತಿಂಗ್ಳು ಈಗ."

"ಎಲ್ಲಿದಾಳೆ?"

"ಒಳಗೆ ಮಲಗಿದಾಳೆ. ನಿನ್ನೆಯಿಂದ ಯಾಕೋ ಸುಸ್ತು ಅಂತಿದಾಳೆ."

ಅಷ್ಟು ಹೊತ್ತೂ ಹೊಸೆದು ಹೊಸೆದು ಇಟ್ಟುಕೊಂಡಿದ್ದ ಸುಳ್ಳೆಲ್ಲ ಆ ಒಂದು ಮಾತಿಗೆ ಉದುರಿಹೋಯಿತು. ಮಾನ, ಹೆಸರು, ಅಮ್ಮ ಕಲಿಸಿದ ವಿದ್ಯೆ, ಯಾವುದೂ ಭರಣಿಯಮ್ಮನಿಗೆ ಬೇಡವಾಯಿತು.

"ಪುಟ್ಟಿ, ಅದು ಸರಿಯಾಗಿ ಬೆಂದಿರ್ಲಿಲ್ಲ ಕಣೇ. ಸೈರನ್ ಬದಲಾಗಿದೆ, ನಂಗೆ ಗೊತ್ತಾಗ್ಲಿಲ್ಲ. ಎರಡು ಅಂದ್ಕೊಂಡು ಒಂದಕ್ಕೇ ಎತ್ತಿಬಿಟ್ಟಿದೀನಿ. ಅದ್ರಲ್ಲಿ ವಿಷ ಆಗಿರ್ಬಹುದಂತೆ. ನಾನೇ ಕಳಿಸ್ದೆ, ನನ್ನ ಕೈಯಾರೆ ಕಳಿಸ್ದೆ. ಗಾಡಿ ಕರಿ, ಆಸ್ಪತ್ರೆಗೆ ಹೋಗೋಣ, ಇಬ್ರೂ ನಡೀರಿ," ಎನ್ನುತ್ತ ಒಳಕೋಣೆಗೆ ನುಗ್ಗಿದಳು.

"ಅಕ್ಕ, ನಿಲ್ಲು. ಅಕ್ಕ, ಒಂದ್ನಿಮಿಷ," ಎಂದು ತಂಗಿ ಹಿಂದೆಯೇ ಓಡಿಬಂದಳು.

ಮಂಚದ ಮೇಲೆ ಮಗಳು ಎದ್ದು ಕೂತಿದ್ದಳು. ಒಂಬತ್ತು ವರ್ಷದ ಮೇಲೆ ಕಂಡ ದೊಡ್ಡಮ್ಮ ಯೋಗಕ್ಷೇಮವನ್ನೂ ಕೇಳದೆ ಅವಳ ಮೂಗಿನ ಮುಂದೆ ಎರಡು ಬೆರಳು ಹಿಡಿದಳು.

"ಎಷ್ಟಿದೆ ಹೇಳು."

"ಎರಡು. ಯಾಕೆ ದೊಡ್ಡಮ್ಮ?"

"ನಾಲಿಗೆ ಭಾರ ಆಗಿದ್ಯಾ? ಬೀನ್ಸ್ ಎಷ್ಟು ತಿಂದೆ?"

"ಯಾವ ಬೀನ್ಸ್?" ಎಂದಳು ಮಗಳು.

ಭರಣಿಯಮ್ಮ ಬೆರಳು ಇಳಿಸಿದಳು. ತಿರುಗಿ ನೋಡಿದರೆ ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ.

"ಯಾರೂ ತಿಂದಿಲ್ಲ ಅಕ್ಕ," ಎಂದಳು ಮೆಲ್ಲಗೆ. "ಬಂದ ಮೂರನೇ ದಿನಕ್ಕೇ ಮುಚ್ಚಳ ಉಬ್ಬಿತ್ತು. ನಾನು ದಿನಾ ಮುಟ್ಟಿ ನೋಡ್ತಿದ್ದೆ. ಅವತ್ತೇ ಹಿತ್ತಲಲ್ಲಿ ಗುಂಡಿ ತೋಡಿ ಹೂತೆ."

"ಮತ್ತೆ ಚೆನ್ನಾಗಿತ್ತು ಅಂದೆ?"

ಹಿತ್ತಲ ಬಾಗಿಲು ತೆರೆದಿತ್ತು, ಭರಣಿಯಮ್ಮ ಹೊರಗೆ ನಡೆದಳು, ತಂಗಿಯೂ ಹಿಂದೆಯೇ ಬಂದಳು. ಕಟ್ಟೆಯ ಮೇಲೆ ಎರಡು ಭರಣಿಗಳು ತೊಳೆದು ಬೋರಲು ಹಾಕಿದ್ದವು, ಗಾಜು ಫಳಫಳ ಎನ್ನುತ್ತಿತ್ತು. ಗೋಡೆಯ ಬುಡದಲ್ಲಿ ಒಂದು ಕಡೆ ಮಣ್ಣು ಹೊಸದಾಗಿತ್ತು, ನಾಯಿ ಕೆದಕದ ಹಾಗೆ ಮೇಲೆ ಚಪ್ಪಡಿ ಹೇರಿತ್ತು. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವ ಕೈಯನ್ನು ಅಂದು ಏನೆಂದಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗಿಡ್ಡ ಗೋಡೆಯ ಆಚೆ ಪಕ್ಕದ ಮನೆಯವಳೂ ಅವಳ ಅತ್ತೆಯೂ ಬಟ್ಟೆ ಹರವುತ್ತಿದ್ದರು. ಪಕ್ಕದ ಮನೆಯವಳು ಹಿಂಡಿದ ಲಂಗ ಹೆಗಲ ಮೇಲೆ ಹಾಕಿಕೊಂಡು ಗೋಡೆಗೆ ಬಂದಳು.

"ಬೀನ್ಸ್ ಕಳಿಸಿದ ಅಕ್ಕ ಇವ್ರೇನಾ?" ಎಂದಳು ತಂಗಿಗೆ. ಆಮೇಲೆ ಭರಣಿಯಮ್ಮನಿಗೆ, "ನಿಮ್ಮ ತಂಗಿ ಬೀದಿಗೆಲ್ಲ ಹೇಳಿದ್ದೇ ಹೇಳಿದ್ದು. ನಮ್ಮಕ್ಕನ ಕೈ ಅಂದ್ರೆ ಕೈ, ಅಂಥಾ ಬೀನ್ಸ್ ಎಲ್ಲೂ ಸಿಗಲ್ಲ ಅಂತ. ಒಂದು ಚೂರು ರುಚಿಗೆ ಕೊಡಿ ಅಂದ್ರೆ ಮಾತ್ರ, ಮುಗಿದೋಯ್ತು ಅಂದ್ಬಿಟ್ರು. ಮುಂದಿನ ಸಲ ನಮಗೂ ಒಂದು ಭರಣಿ ಕಳಿಸಿ," ಎಂದಳು.

"ಕಳಿಸ್ತಾರೆ, ಕಳಿಸ್ತಾರೆ," ಎಂದಳು ತಂಗಿ ಅವಸರದಿಂದ. "ಅಕ್ಕ, ಒಳಗೆ ನಡಿ, ಬಿಸಿಲು."

ಒಳಗೆ ಹೋಗಿಬಿಡಬಹುದಿತ್ತು. ಅಲ್ಲಿಗೆ ಎಲ್ಲ ಸುಸೂತ್ರ. ಬೆಳಗಿನಿಂದ ಬೀದಿ ಬೀದಿ ಓಡಿ ಭರಣಿಯಮ್ಮ ಕಾಪಾಡಿಕೊಳ್ಳಲು ಹೆಣಗಿದ್ದ ಹೆಸರು ಇಲ್ಲಿ, ಒಂಬತ್ತು ವರ್ಷದಿಂದ ಅವಳು ಕಾಲಿಡದ ಊರಿನಲ್ಲಿ, ಹತ್ತು ದಿನದಿಂದ ಸುರಕ್ಷಿತವಾಗಿತ್ತು. ಅದನ್ನು ಕಾಪಾಡಿದವಳು ಪಕ್ಕದಲ್ಲೇ ನಿಂತು ಅವಳ ಸೆರಗು ಜಗ್ಗುತ್ತಿದ್ದಳು.

"ಆ ಬೀನ್ಸ್ ಕೆಟ್ಟಿತ್ತಮ್ಮ," ಎಂದಳು ಭರಣಿಯಮ್ಮ, ಆಚೆ ಇದ್ದ ಅತ್ತೆಗೂ ಕೇಳುವಷ್ಟು ಜೋರಾಗಿ. "ನನ್ನ ಕೈಯಲ್ಲೇ ಕೆಟ್ಟಿದ್ದು. ತಿಂದಿದ್ರೆ ಜೀವಕ್ಕೇ ಅಪಾಯ ಇತ್ತು. ಇವಳು ಕಂಡುಹಿಡಿದು ಮಣ್ಣಲ್ಲಿ ಹೂತಿದಾಳೆ. ನಮ್ಮಿಬ್ರಲ್ಲಿ ಕೈ ಅಂತ ಇರೋದು ಇವಳಿಗೆ, ನಂಗಲ್ಲ."

ಪಕ್ಕದ ಮನೆಯವಳು ಒಮ್ಮೆ ಅಕ್ಕನನ್ನು, ಒಮ್ಮೆ ತಂಗಿಯನ್ನು ನೋಡಿದಳು. "ಹಾಗಾದ್ರೆ ಇವ್ರು ಅಷ್ಟು ದಿನ ಹೇಳಿದ್ದು?"

ಭರಣಿಯಮ್ಮ ಬಾಯಿ ತೆರೆಯುವ ಮೊದಲೇ ತಂಗಿ ಮುಂದೆ ಬಂದು ನಿಂತಳು. ಅವಳ ಮುಖ ಕೆಂಪಗಾಗಿತ್ತು, ಕಣ್ಣು ತುಂಬಿತ್ತು, ದನಿ ಮಾತ್ರ ಜಗಳಕ್ಕೆ ನಿಂತವರದು.

"ಹೇಳಿದ್ದೇನು? ಚೆನ್ನಾಗಿತ್ತು ಅಂದ್ರೆ ಚೆನ್ನಾಗಿತ್ತು. ತಿಂದವಳು ನಾನೋ ನೀವೋ? ನಿಮ್ಮ ಬಟ್ಟೆ ಹರವ್ಕೊಳ್ಳಿ, ಹೋಗಿ."